ಆಯೋಗದಿಂದ ಪೊಲೀಸ್ ವರದಿ ಬಂದಿದೆ, 15 ದಿನದಲ್ಲಿ ಉತ್ತರ ಕೊಡಬೇಕಂತೆ. ಇದೇನಾ ವಿಚಾರಣೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಎಂಟು ತಿಂಗಳ ಹಿಂದೆ ನನ್ನ ತಮ್ಮನನ್ನು ಒಂದು ಸಂಜೆ ಠಾಣೆಗೆ ಕರೆದುಕೊಂಡು ಹೋದರು. ಬೈಕ್ ಕಳವಿನ ವಿಚಾರ, ಸುಮ್ನೆ ಕೇಳಿ ಕಳಿಸ್ತೀವಿ ಅಂದರು. ಬಿಟ್ಟಿದ್ದು ಮೂರನೇ ದಿನ ಮಧ್ಯಾಹ್ನ. ಅಂಗಾಲು ಊದಿಕೊಂಡು ಚಪ್ಪಲಿ ಹಾಕಲು ಆಗುತ್ತಿರಲಿಲ್ಲ. ಅಮ್ಮ ಎರಡು ಸಂಜೆ ಠಾಣೆಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದರು. ಒಳಗೆ ಬಿಡಲಿಲ್ಲ, ಡಬ್ಬಿ ಮಾತ್ರ ಇಸಕೊಂಡರು. ಆ ಕಳವಿನ ಕೇಸಿನಲ್ಲಿ ಆಮೇಲೆ ಬೇರೆ ಯಾರೋ ಸಿಕ್ಕರು. ನನ್ನ ತಮ್ಮನ ಮೇಲೆ ಕೇಸೇ ಇಲ್ಲ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ನಾನೇ ಕೈಬರಹದಲ್ಲಿ ದೂರು ಬರೆದು ಕಳಿಸಿದೆ. ಈಗ ಒಂದು ಪತ್ರ ಬಂದಿದೆ. ಅದರ ಜೊತೆ ನಾಲ್ಕು ಪುಟದ ಪೊಲೀಸ್ ವರದಿ. "ಬೆಳಿಗ್ಗೆ 11ಕ್ಕೆ ಕರೆಸಿ ಸಂಜೆ 5ಕ್ಕೆ ಕಳಿಸಲಾಗಿದೆ, ಕಾಲಿನ ಗಾಯ ಬೈಕಿನಿಂದ ಬಿದ್ದದ್ದು, ದೂರು ಸತ್ಯಕ್ಕೆ ದೂರವಾಗಿದೆ" ಅಂತ ಬರೆದಿದ್ದಾರೆ. ಬರೆದವರು ಅದೇ ಉಪವಿಭಾಗದ ಡಿವೈಎಸ್‌ಪಿ. ಇದಕ್ಕೆ 15 ದಿನದಲ್ಲಿ ನಾವು ಉತ್ತರ ಕೊಡಬೇಕಂತೆ.

ಓದಿ ಕೈಕಾಲು ತಣ್ಣಗಾಯಿತು. ಹೊಡೆದವರ ಮೇಲಿನವರನ್ನೇ ಕೇಳಿ, ಅವರು ಬರೆದಿದ್ದನ್ನೇ ನಮಗೆ ಕಳಿಸಿದರೆ ಇದು ವಿಚಾರಣೆ ಹೇಗಾಗುತ್ತದೆ? ಆಯೋಗ ಆಗಲೇ ತೀರ್ಮಾನ ಮಾಡಿಬಿಟ್ಟಿದೆಯಾ? ನಮ್ಮ ಹತ್ತಿರ ವಕೀಲರಿಗೆ ಕೊಡುವಷ್ಟು ದುಡ್ಡಿಲ್ಲ. ಗೊತ್ತಿದ್ದವರು ದಾರಿ ಹೇಳಿ.

ಹಳೇ ಶಿರಸ್ತೇದಾರ

ತಂಗಿ, ಮೊದಲು ಧೈರ್ಯ ತಂದುಕೊ. ಕಡತ ಹಿಡಿದೇ ಮೂವತ್ತು ವರ್ಷ ಕಳೆದವನು ನಾನು. ಆ ಪತ್ರ ಕೆಟ್ಟ ಸುದ್ದಿಯಲ್ಲ. ಅವರು ತೀರ್ಮಾನ ಮಾಡಿಬಿಟ್ಟಿದ್ದರೆ ನಿನಗೆ ಬರುತ್ತಿದ್ದದ್ದು "ಮುಕ್ತಾಯಗೊಳಿಸಲಾಗಿದೆ" ಅನ್ನುವ ಒಂದು ಹಾಳೆ. ವರದಿಯ ನಕಲು ಕಳಿಸಿ ಉತ್ತರ ಕೇಳಿದ್ದಾರೆ ಅಂದರೆ ನಿನ್ನ ಮಾತು ಕೇಳುವುದು ಇನ್ನೂ ಬಾಕಿ ಇದೆ.

ನಡೆಯುವ ಕ್ರಮ ಹೀಗೆ. ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ 1993ರದ್ದು. ಅದರ 17ನೇ ಸೆಕ್ಷನ್ ಪ್ರಕಾರ ಆಯೋಗ ಮೊದಲು ಸರ್ಕಾರದಿಂದಲೋ ಇಲಾಖೆಯಿಂದಲೋ ವರದಿ ತರಿಸಿಕೊಳ್ಳಬಹುದು. ಹೇಳಿದ ಅವಧಿಯಲ್ಲಿ ವರದಿ ಬರದಿದ್ದರೆ ತಾನೇ ಮುಂದುವರಿಯಬಹುದು. ಬಂದ ವರದಿ ನೋಡಿ ಇನ್ನು ವಿಚಾರಣೆ ಬೇಡ ಅನ್ನಿಸಿದರೆ ನಿಲ್ಲಿಸಲೂಬಹುದು, ಆಗ ದೂರುದಾರರಿಗೆ ತಿಳಿಸಬೇಕು. ನೀನು ಈಗ ನಿಂತಿರುವುದು ವರದಿ ಬರುವುದಕ್ಕೂ ಆ ತೀರ್ಮಾನಕ್ಕೂ ನಡುವೆ. ದೂರುಗಳು ಸಾಯುವುದು ಜಾಸ್ತಿ ಈ ಜಾಗದಲ್ಲೇ. ಜನ ವರದಿ ಓದಿ, ಇನ್ನೇನು ಮುಗೀತು ಅಂತ ಸುಮ್ಮನಾಗುತ್ತಾರೆ. ಉತ್ತರ ಬರಲಿಲ್ಲ ಅಂದರೆ ಹೇಳುವುದೇನೂ ಇಲ್ಲ ಅಂತ ಕಡತ ಮುಚ್ಚುತ್ತದೆ. ನೀನು ಹಾಗೆ ಮಾಡಬೇಡ.

ಡಿವೈಎಸ್‌ಪಿ ವಿಷಯಕ್ಕೆ ಬರುತ್ತೇನೆ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ ಆಗಬಾರದು ಅನ್ನುವುದು ನಮ್ಮ ಹಳ್ಳಿ ಪಂಚಾಯ್ತಿಗೂ ಗೊತ್ತಿದ್ದ ಮಾತು. 1969ರಲ್ಲಿ ಸುಪ್ರೀಂ ಕೋರ್ಟ್ ಕ್ರೈಪಾಕ್ ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಆಯ್ಕೆ ನಡೆದಿತ್ತು. ಆಯ್ಕೆ ಮಂಡಳಿಯಲ್ಲಿ ಕೂತಿದ್ದ ಒಬ್ಬ ಅಧಿಕಾರಿ ತಾನೂ ಅಭ್ಯರ್ಥಿ. ತನ್ನ ಹೆಸರು ಬಂದಾಗ ಎದ್ದು ಹೋಗಿದ್ದರು. ಆದರೆ ಅವರಿಗೆ ಪೈಪೋಟಿ ಕೊಡುವವರ ಹೆಸರು ಬಂದಾಗ ಕೂತಿದ್ದರು. ಕೋರ್ಟ್ ಇಡೀ ಆಯ್ಕೆಯನ್ನೇ ರದ್ದು ಮಾಡಿತು. ಆ ಅಧಿಕಾರಿ ನಿಜವಾಗಿ ಪಕ್ಷಪಾತ ಮಾಡಿದರಾ ಅಂತ ಸಾಬೀತು ಮಾಡಬೇಕಾಗಿಲ್ಲ, ಹಾಗಾಗುವ ಸಂಭವ ಇತ್ತು ಅನ್ನುವುದೇ ಸಾಕು ಅಂತ ಹೇಳಿತು.

ಡಿವೈಎಸ್‌ಪಿ ಇಲ್ಲಿ ತೀರ್ಪು ಕೊಡುವವರಲ್ಲ, ವರದಿ ಕೊಡುವವರು. ಆ ವ್ಯತ್ಯಾಸ ಇದೆ. ಆದರೂ ನೀನು ಉತ್ತರದಲ್ಲಿ ಬರೆಯಬಹುದು: ಠಾಣೆ ಇವರ ಕೈಕೆಳಗೇ ಬರುತ್ತದೆ, ದಯವಿಟ್ಟು ಆಯೋಗದ ಸ್ವಂತ ತನಿಖಾ ವಿಭಾಗದಿಂದ ವಿಚಾರಿಸಿ ಅಂತ. 27ನೇ ಸೆಕ್ಷನ್ ನೋಡು. ಕೇಳುವ ಹಕ್ಕಿದೆ.

ಧಾರವಾಡದ ವಕೀಲೆ

ಶಿರಸ್ತೇದಾರ್ ಸರ್ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಆಯೋಗದ ತನಿಖಾ ವಿಭಾಗದಲ್ಲಿ ಇರುವವರೂ ಪೊಲೀಸರೇ. ಕಾಯ್ದೆಯ ಪ್ರಕಾರ ರಾಜ್ಯ ಆಯೋಗದ ತನಿಖಾ ಸಿಬ್ಬಂದಿಯ ಮುಖ್ಯಸ್ಥರು ಐಜಿಪಿ ದರ್ಜೆಗಿಂತ ಕೆಳಗಿನವರು ಆಗಿರಬಾರದು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡುವುದು ಸರಿಯಾ ಅನ್ನುವ ಪ್ರಶ್ನೆ ಹಳೆಯದು. ರಾಷ್ಟ್ರೀಯ ಆಯೋಗದ ಮಾನ್ಯತೆ ನವೀಕರಣವನ್ನು ಜಾಗತಿಕ ಮಾನವ ಹಕ್ಕು ಸಂಸ್ಥೆಗಳ ಒಕ್ಕೂಟ 2023ರಲ್ಲೂ 2024ರಲ್ಲೂ ಮುಂದೂಡಿತು. ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಆದರೂ ಬೆಂಗಳೂರಿನಿಂದ ಬರುವ ಅಧಿಕಾರಿಗೆ ನಿಮ್ಮೂರಿನ ಠಾಣೆಯ ಹಂಗಿರುವುದಿಲ್ಲ. ಹಾಗಾಗಿ ಕೇಳಿ.

ಈಗ ತುಂಗಾತೀರ ಅಕ್ಕ, ನಿಮ್ಮ ಉತ್ತರದ ಬಗ್ಗೆ. ವಕೀಲರು ಬೇಕೇ ಬೇಕು ಅಂತಿಲ್ಲ. ಶುಲ್ಕ ಇಲ್ಲ. ಕನ್ನಡದಲ್ಲೇ ಬರೆಯಿರಿ. ಕೋಪ ಬರುತ್ತದೆ, ಬರಲೇಬೇಕು, ಆದರೆ ಉತ್ತರದಲ್ಲಿ ಕೋಪಕ್ಕಿಂತ ಗಂಟೆ, ದಿನಾಂಕ, ಹೆಸರು ಜಾಸ್ತಿ ಕೆಲಸ ಮಾಡುತ್ತವೆ. ವರದಿಯ ಪ್ರತಿ ಪ್ಯಾರಾಕ್ಕೂ ನಂಬರ್ ಹಾಕಿ ಒಂದೊಂದಾಗಿ ಹೇಳಿ. ಯಾವುದು ನಿಜವೋ ಅದನ್ನು ಒಪ್ಪಿಕೊಳ್ಳಿ. ಕರೆದುಕೊಂಡು ಹೋದದ್ದನ್ನು ಅವರೇ ಒಪ್ಪಿದ್ದಾರಲ್ವಾ, ಅದು ನಿಮಗೆ ದೊಡ್ಡ ಬಲ. ಇನ್ನು ಜಗಳ ಇರುವುದು ಎಷ್ಟು ಹೊತ್ತು ಇಟ್ಟುಕೊಂಡರು, ಗಾಯ ಹೇಗಾಯಿತು ಅನ್ನುವ ಎರಡೇ ವಿಷಯಕ್ಕೆ.

ಮೊದಲನೆಯದನ್ನೇ ಗಟ್ಟಿಯಾಗಿ ಹಿಡಿಯಿರಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅಂತ ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಹೊಡೆದದ್ದು ಸಾಬೀತಾಗದಿದ್ದರೂ, ಎರಡು ರಾತ್ರಿ ಇಟ್ಟುಕೊಂಡಿದ್ದರು ಅನ್ನುವುದು ತೋರಿಸಿಕೊಟ್ಟರೆ ಅದೇ ಒಂದು ಹಕ್ಕಿನ ಉಲ್ಲಂಘನೆ. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧನದ ಮೆಮೊ ಬರೆಯಬೇಕು, ಅದರಲ್ಲಿ ಸಮಯ ಇರಬೇಕು, ಮನೆಯವರಿಗೆ ತಿಳಿಸಬೇಕು. ಬಂಧಿಸಿಯೇ ಇಲ್ಲ, ಸುಮ್ನೆ ಕರೆಸಿದ್ವಿ ಅಂತ ಅವರು ಹೇಳಬಹುದು. ಹಾಗಿದ್ದರೆ ಊಟದ ಡಬ್ಬಿ ಯಾಕೆ ಇಸಕೊಂಡರು? ಅಮ್ಮನ ಡಬ್ಬಿ ಸಣ್ಣ ವಿಷಯ ಅಂತ ಬಿಡಬೇಡಿ. ಎಷ್ಟು ಗಂಟೆಗೆ ಹೋದರು, ಯಾರು ಇಸಕೊಂಡರು, ಎಲ್ಲಾ ಬರೆಸಿ. ನಿಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರೆ ಆ ದಿನಗಳ ಹಾಜರಿ ಪುಸ್ತಕದ ನಕಲು ತನ್ನಿ. ಆಸ್ಪತ್ರೆಯ ಚೀಟಿ, ಗಾಯದ ಪ್ರಮಾಣಪತ್ರ ಇದ್ದರೆ ಲಗತ್ತಿಸಿ.

ಇನ್ನೊಂದು, ಇದು ತುಂಬಾ ಮುಖ್ಯ. ಠಾಣೆಯ ಸಿಸಿಟಿವಿ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಅಂದಿತು. ಬಾಗಿಲು, ಲಾಕಪ್, ಕಾರಿಡಾರ್, ವರಾಂಡ ಎಲ್ಲ ಕಾಣಬೇಕು. ರೆಕಾರ್ಡಿಂಗ್ 18 ತಿಂಗಳು ಇಡಬೇಕು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು. ಠಾಣೆಯಲ್ಲಿ ಬಲಪ್ರಯೋಗದಿಂದ ಪೆಟ್ಟಾದವರು ದೂರು ಕೊಟ್ಟರೆ ಮಾನವ ಹಕ್ಕುಗಳ ಆಯೋಗ ಆ ರೆಕಾರ್ಡಿಂಗನ್ನು ಕೂಡಲೇ ತರಿಸಿ ಕಾಪಾಡಬಹುದು ಅಂತಲೂ ಹೇಳಿತು. ನಿಮ್ಮದು ಎಂಟು ತಿಂಗಳು. ಇವತ್ತೇ ಒಂದು ಪ್ರತ್ಯೇಕ ಅರ್ಜಿ ಬರೆದು ಆ ಮೂರು ದಿನಗಳ ರೆಕಾರ್ಡಿಂಗ್ ತರಿಸಿ ಅಂತ ಕೇಳಿ. 15 ದಿನ ಕಾಯಬೇಡಿ.

ನಿವೃತ್ತ ಎಎಸ್‌ಐ, ಹಾಸನ ಕಡೆ

ನಾನು ಪೊಲೀಸ್ ಇಲಾಖೆಯಲ್ಲಿ ಇದ್ದವನು. ಇಲ್ಲಿ ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ತಾಯಿ, ನಿಮ್ಮ ತಮ್ಮನಿಗೆ ಆದದ್ದು ನಿಜವೇ ಆಗಿದ್ದರೆ ಅದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯಾಯವಾದ ವಿಚಾರಣೆ ಅಂದಾಗ ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ.

ನಾನು ಹೆಡ್ ಕಾನ್‌ಸ್ಟೆಬಲ್ ಆಗಿದ್ದಾಗ ನನ್ನ ಮೇಲೂ ಇಂಥ ಒಂದು ದೂರು ಬಂತು. ನನಗೆ ಗೊತ್ತಾದದ್ದು ವಿಚಾರಣೆಯ ಹಿಂದಿನ ದಿನ ಸಂಜೆ. ನಾಳೆ ಹೋಗು ಅಂದರು, ಅಷ್ಟೇ. ದೂರಿನ ನಕಲು ಕೊಡಲಿಲ್ಲ. ಏನು ಆರೋಪ ಅಂತಲೇ ಗೊತ್ತಿಲ್ಲದೆ ರಾತ್ರಿ ಬಸ್ಸಿನಲ್ಲಿ ಕೂತು ಹೋದೆ. ಅಲ್ಲಿ ನೋಡಿದರೆ ಘಟನೆ ನಡೆದ ದಿನ ನಾನು ಠಾಣೆಯಲ್ಲೇ ಇರಲಿಲ್ಲ, ಜಾತ್ರೆ ಬಂದೋಬಸ್ತಿಗೆ ಹಾಕಿದ್ದರು. ಮೇಲಿನವರು ವರದಿ ಕಳಿಸುವಾಗ ಠಾಣೆಯ ಪಟ್ಟಿಯಲ್ಲಿದ್ದ ನಾಲ್ಕು ಜನ ಕೆಳಗಿನವರ ಹೆಸರು ಬರೆದಿದ್ದರು. ಅವತ್ತು ಠಾಣೆಯ ಜವಾಬ್ದಾರಿ ಹೊತ್ತಿದ್ದವರ ಹೆಸರು ಅದರಲ್ಲಿ ಇರಲಿಲ್ಲ.

ನಾನು ಕೈಮುಗಿದು ಕೇಳಿದೆ. ಸ್ವಾಮಿ, ದೂರಿನ ನಕಲು ಕೊಡಿ, ಅವತ್ತು ಯಾರು ಎಲ್ಲಿ ಕೆಲಸಕ್ಕಿದ್ದರು ಅನ್ನುವ ಡ್ಯೂಟಿ ರೋಸ್ಟರ್ ತರಿಸಿ ಅಂದೆ. ಅವರು ಕೊಟ್ಟರು, ಬೇರೆ ತಾರೀಖು ಹಾಕಿದರು. ರೋಸ್ಟರ್ ಬಂದ ಮೇಲೆ ನನ್ನ ಹೆಸರು ಬಿಟ್ಟುಹೋಯಿತು. ಅಲ್ಲಿಯವರೆಗೆ ನಾನು ನೆಟ್ಟಗೆ ಊಟ ಮಾಡಲಿಲ್ಲ. ಮಗಳ ಮದುವೆ ಮಾತುಕತೆ ನಡೆಯುತ್ತಿದ್ದ ಸಮಯ ಅದು.

ಆಮೇಲೆ ತಿಳಿಯಿತು, 16ನೇ ಸೆಕ್ಷನ್ ಅಂತ ಒಂದಿದೆ. ಯಾರ ನಡತೆಯ ಬಗ್ಗೆ ವಿಚಾರಣೆ ನಡೆಯುತ್ತದೋ, ಯಾರ ಹೆಸರಿಗೆ ಕಳಂಕ ಬರಬಹುದೋ, ಅವರಿಗೆ ತಮ್ಮ ಮಾತು ಹೇಳಲು, ಸಾಕ್ಷಿ ಕೊಡಲು ಅವಕಾಶ ಕೊಡಲೇಬೇಕು. ಕೆಳಗಿನವನ ತಲೆ ಮೇಲೆ ಹಾಕಿ ಕೈತೊಳೆದುಕೊಳ್ಳುವುದನ್ನು ತಡೆಯುವುದು ಅದೊಂದೇ.

ತುಂಗಾತೀರ

ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ನಿಮಗೆ ಕೇಳುವ ಧೈರ್ಯ ಬಂತು, ಯಾಕೆಂದರೆ ನಿಮಗೆ ರೋಸ್ಟರ್ ಅಂದರೇನು ಅಂತ ಗೊತ್ತಿತ್ತು. ನನ್ನ ತಮ್ಮ ಈಗಲೂ ಖಾಕಿ ಕಂಡರೆ ರಸ್ತೆಯ ಆ ಕಡೆ ಹೋಗುತ್ತಾನೆ. ಅವನು ಆ ಅಧಿಕಾರಿಗಳ ಎದುರು ನಿಂತು ಹೇಗೆ ಮಾತಾಡುತ್ತಾನೆ? ಎರಡೂ ಕಡೆಗೆ ಒಂದೇ ಥರದ ಅವಕಾಶ ಕೊಟ್ಟರೆ ಅದು ಸಮಾನ ಆಗುತ್ತದಾ?

ನಿವೃತ್ತ ಎಎಸ್‌ಐ, ಹಾಸನ ಕಡೆ

ನೀವು ಹೇಳಿದ್ದು ನಿಜ ತಾಯಿ. ಒಪ್ಪುತ್ತೇನೆ.

ನನ್ನಿಂದ ಆಗುವ ಸಹಾಯ ಇಷ್ಟು. ನಿಮ್ಮ ಉತ್ತರದಲ್ಲಿ ಠಾಣೆಯವರೆಲ್ಲ ಸೇರಿ ಹೊಡೆದರು ಅಂತ ಬರೆಯಬೇಡಿ. ನಿಮ್ಮ ತಮ್ಮ ಕಣ್ಣಾರೆ ಕಂಡ ಹಾಗೆ ಹೊಡೆದವರು ಯಾರು, ನೋಡುತ್ತಾ ನಿಂತವರು ಯಾರು, ಬೇರೆ ಬೇರೆ ಮಾಡಿ ಬರೆಯಿಸಿ. ಹೆಸರು ಗೊತ್ತಿಲ್ಲದಿದ್ದರೆ ಎತ್ತರ, ವಯಸ್ಸು, ಸಮವಸ್ತ್ರದಲ್ಲಿದ್ದರೋ ಇಲ್ಲವೋ ಬರೆಯಿರಿ. ಆ ಮೂರು ದಿನಗಳ ಠಾಣಾ ದಿನಚರಿ, ಡ್ಯೂಟಿ ರೋಸ್ಟರ್, ಸೆಂಟ್ರಿ (ಕಾವಲು) ಪುಸ್ತಕ ತರಿಸಿ ಅಂತ ಕೇಳಿ. 13ನೇ ಸೆಕ್ಷನ್‌ನಲ್ಲಿ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಸಾಕ್ಷಿಗಳಿಗೆ ಸಮನ್ಸ್ ಕಳಿಸಬಹುದು, ದಾಖಲೆ ತರಿಸಬಹುದು, ಅಫಿಡವಿಟ್ ಮೇಲೆ ಹೇಳಿಕೆ ತೆಗೆದುಕೊಳ್ಳಬಹುದು. ರಾತ್ರಿ ಯಾರು ಠಾಣೆಯಲ್ಲಿದ್ದರು ಅನ್ನುವುದು ಆ ಪುಸ್ತಕಗಳಲ್ಲಿ ಇರುತ್ತದೆ. ಆಮೇಲೆ ತಿದ್ದಿದರೆ ತಿದ್ದಿದ್ದು ಗೊತ್ತಾಗುತ್ತದೆ.

ಕೊಳ್ಳೇಗಾಲ ಸೀಮೆ

ಕೇಳುವುದಕ್ಕೂ ಹೇಳುವುದಕ್ಕೂ ಧೈರ್ಯ ಬೇಕು ಅನ್ನುವ ಮಾತು ಬಂತಲ್ಲ, ನಮ್ಮ ಕಡೆಯ ಒಂದು ಉದಾಹರಣೆ ಹೇಳಲೇಬೇಕು.

ವೀರಪ್ಪನ್ ಹುಡುಕಾಟದ ಕಾಲದಲ್ಲಿ ಕರ್ನಾಟಕ, ತಮಿಳುನಾಡು ಎರಡೂ ಕಡೆಯ ವಿಶೇಷ ಕಾರ್ಯಪಡೆ ಮೇಲೆ ಕಾಡಂಚಿನ ಜನ ದೂರು ಕೊಟ್ಟರು. ಅಕ್ರಮವಾಗಿ ಕೂಡಿಹಾಕಿದ್ದು, ಚಿತ್ರಹಿಂಸೆ, ಅತ್ಯಾಚಾರ, ಅನುಮಾನದ ಎನ್‌ಕೌಂಟರ್‌ಗಳು. ರಾಷ್ಟ್ರೀಯ ಆಯೋಗ 1999ರಲ್ಲಿ ಒಂದು ಸಮಿತಿ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅಧ್ಯಕ್ಷರು, ಸಿಬಿಐನ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಸದಸ್ಯರು. ಒಬ್ಬರು ನ್ಯಾಯಾಂಗದವರು, ಇನ್ನೊಬ್ಬರು ಪೊಲೀಸ್ ಕೆಲಸದ ಒಳಹೊರಗು ಬಲ್ಲವರು.

ನಾನಾಗ ಓದುತ್ತಿದ್ದೆ. ನನಗೆ ಈಗಲೂ ದೊಡ್ಡದು ಅನ್ನಿಸುವುದು ಏನೆಂದರೆ, ಸಮಿತಿ ಜನರನ್ನು ದೆಹಲಿಗೆ ಕರೆಯಲಿಲ್ಲ. ಇಲ್ಲಿಗೇ ಬಂತು. ನಮ್ಮ ಬೆಟ್ಟದ ಸೀಮೆಯಲ್ಲಿ ಸೋಲಿಗರಿದ್ದಾರೆ, ಲಿಂಗಾಯತರಿದ್ದಾರೆ, ಮನೆಯಲ್ಲಿ ತಮಿಳು ಮಾತಾಡುವವರಿದ್ದಾರೆ. ಓದು ಬರಹ ಇಲ್ಲದ ಹೆಂಗಸರು ಎಷ್ಟೋ ಜನ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೇಳಿಸಿಕೊಂಡು ಬರೆದುಕೊಳ್ಳಬೇಕಿತ್ತು. ಹತ್ತು ವರ್ಷದ ಹಿಂದಿನ ಸಂಗತಿಗೆ ತಾರೀಖು ಕೇಳಿದರೆ ಅವರಿಗೆ ನೆನಪಿರುವುದು ಹಬ್ಬ, ಮಳೆ, ಮಗು ಹುಟ್ಟಿದ ತಿಂಗಳು. ಅದನ್ನೇ ಹಿಡಿದು ತಾರೀಖಿಗೆ ಹೊಂದಿಸುವುದೂ ವಿಚಾರಣೆಯ ಕೆಲಸವೇ. ತಾರೀಖು ತಪ್ಪಿತು ಅಂತ ಮಾತನ್ನೇ ಸುಳ್ಳು ಅಂದುಬಿಟ್ಟರೆ ಓದಿದವರಿಗೆ ಮಾತ್ರ ನ್ಯಾಯ ಸಿಗುತ್ತದೆ.

ಕೊನೆಗೆ 2007ರ ಜನವರಿಯಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಸಮಿತಿ ಆದದ್ದು 1999ರಲ್ಲಿ. ಅಷ್ಟು ವರ್ಷ ಕಾದವರಿಗೆ ಆ ಕಾಯುವಿಕೆಯೇ ಇನ್ನೊಂದು ಶಿಕ್ಷೆ. ದೂರು ಕೊಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಸಿಕ್ಕಿತು. ಸಿಗದವರ ಮಾತು ಸುಳ್ಳು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ಅಕ್ಕ, ನಿಮ್ಮ ತಮ್ಮನ ಜೊತೆ ಕೂತು ಈಗಲೇ ಎಲ್ಲಾ ಬರೆದಿಡಿ. ನೆನಪು ಮಾಸುತ್ತದೆ.

ಧಾರವಾಡದ ವಕೀಲೆ

ಇದಕ್ಕೆ ಸೇರಿಸುತ್ತೇನೆ. ಸಾಕ್ಷಿ ಹೇಳಲು ಹೆದರುವವರಿಗೆ 15ನೇ ಸೆಕ್ಷನ್ ಓದಿ ಹೇಳಿ. ಆಯೋಗದ ಮುಂದೆ ಸಾಕ್ಷಿಯಾಗಿ ಹೇಳಿದ ಮಾತನ್ನು ಆ ವ್ಯಕ್ತಿಯ ವಿರುದ್ಧವೇ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಬೇರೆ ಕೇಸಿನಲ್ಲಿ ಬಳಸುವ ಹಾಗಿಲ್ಲ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಮಾತ್ರ ಕ್ರಮ ಆಗಬಹುದು. ಕೇಳಿದ ಪ್ರಶ್ನೆಗೆ, ವಿಷಯಕ್ಕೆ ಸಂಬಂಧಪಟ್ಟ ಹಾಗೆ ಹೇಳಿರಬೇಕು, ಅಷ್ಟೇ. ಹಾಗಂತ ಊರಿನಲ್ಲಿ ಯಾರೂ ಬಂದು ಹೆದರಿಸುವುದಿಲ್ಲ ಅಂತ ಈ ಸೆಕ್ಷನ್ ಭರವಸೆ ಕೊಡುವುದಿಲ್ಲ. ಹಾಗೇನಾದರೂ ಆದರೆ, ರಾಜಿ ಮಾಡಿಕೋ ಅಂತ ಮನೆಗೆ ಬಂದರೆ, ಬಂದ ದಿನಾಂಕ ಸಮೇತ ಅವತ್ತೇ ಆಯೋಗಕ್ಕೆ ಬರೆಯಿರಿ. ಅದೂ ಕಡತಕ್ಕೆ ಸೇರಲಿ.

ಟೊರೊಂಟೊ ಕನ್ನಡಿಗ

ನಾನಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ವಿಷಯ ಹೇಳುತ್ತೇನೆ. ಇಲ್ಲಿ ಮಾನವ ಹಕ್ಕು ದೂರುಗಳೆಂದರೆ ಹೆಚ್ಚಾಗಿ ಕೆಲಸ, ಬಾಡಿಗೆ ಮನೆ, ಅಂಗಡಿ ಹೋಟೆಲುಗಳಲ್ಲಿ ಆಗುವ ತಾರತಮ್ಯದ ದೂರುಗಳು, ಹಾಗಾಗಿ ನೇರ ಹೋಲಿಕೆ ಆಗುವುದಿಲ್ಲ. ಮೊದಲು ಆಯೋಗವೇ ದೂರು ತೆಗೆದುಕೊಂಡು ತನಿಖೆ ಮಾಡುತ್ತಿತ್ತು. 2008ರಿಂದ ದೂರು ನೇರವಾಗಿ ಟ್ರಿಬ್ಯೂನಲ್‌ಗೆ (ನ್ಯಾಯಮಂಡಳಿಗೆ) ಹೋಗುತ್ತದೆ. ಟ್ರಿಬ್ಯೂನಲ್ ವ್ಯಾಪ್ತಿಗೆ ಬರುವ ದೂರನ್ನು ಎರಡೂ ಕಡೆಯವರಿಗೆ ಬಾಯಿಮಾತಿನಲ್ಲಿ ಹೇಳುವ ಅವಕಾಶ ಕೊಡದೆ ಅಂತಿಮವಾಗಿ ಮುಗಿಸುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ. ಬಾಕಿ ದೂರುಗಳ ರಾಶಿ ಇಲ್ಲೂ ದೊಡ್ಡದೇ, ಕಾಯುವುದು ಇಲ್ಲೂ ತಪ್ಪಿಲ್ಲ. ಆದರೆ ಆ ಒಂದು ಸಾಲು ನನಗೆ ಇಷ್ಟ. ಕಾಗದದ ಮೇಲೆ ಚೆನ್ನಾಗಿ ಬರೆಯಲು ಬಾರದವರಿಗೆ ಬಾಯಿಬಿಟ್ಟು ಹೇಳುವ ಅವಕಾಶವೇ ಎಲ್ಲಾ.

ಹಳೇ ಶಿರಸ್ತೇದಾರ

ಒಳ್ಳೆಯ ಮಾತು ಹೇಳಿದಿರಿ. ನಮ್ಮ ಕಾಯ್ದೆಯಲ್ಲಿ ಆರೋಪಕ್ಕೆ ಒಳಗಾದವರನ್ನು ಕೇಳಲೇಬೇಕು ಅಂತ 16ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ. ದೂರುದಾರರನ್ನು ಎದುರಿಗೆ ಕರೆದು ಕೇಳಲೇಬೇಕು ಅಂತ ಅಷ್ಟೇ ಸ್ಪಷ್ಟವಾಗಿ ಇಲ್ಲ. ಇದು ನನಗೆ ಮೊದಲಿನಿಂದಲೂ ಸರಿ ಕಾಣದ ವಿಷಯ. ತಂಗಿ, ಅದಕ್ಕೇ ನಿನ್ನ ಉತ್ತರದ ಕೊನೆಯಲ್ಲಿ ಒಂದು ಸಾಲು ತಪ್ಪದೆ ಬರಿ: "ನನ್ನನ್ನೂ, ನನ್ನ ತಮ್ಮನನ್ನೂ, ನನ್ನ ತಾಯಿಯನ್ನೂ ಖುದ್ದಾಗಿ ಕರೆಸಿ ಹೇಳಿಕೆ ಪಡೆಯಬೇಕೆಂದು ಕೋರುತ್ತೇನೆ." ಕೇಳದಿದ್ದರೆ ಕಾಗದದ ಮೇಲೇ ಮುಗಿದುಹೋಗಬಹುದು.

ಬಯಲುಸೀಮೆ ಮಂಜು

ಇಷ್ಟೆಲ್ಲಾ ಮಾಡಿ ಏನು ಪ್ರಯೋಜನ ಅಣ್ಣ? ಕೊನೆಗೆ ಆಯೋಗ ಕೊಡುವುದು ಶಿಫಾರಸು ತಾನೇ? ಸರ್ಕಾರ ಮಾಡಿದರೆ ಮಾಡ್ತು, ಬಿಟ್ಟರೆ ಬಿಡ್ತು. ನಮ್ಮ ಸಂಬಂಧಿಕರೊಬ್ಬರಿಗೆ ಪರಿಹಾರ ಕೊಡಿ ಅಂತ ಹೇಳಿದ ಮೇಲೂ ವರ್ಷಗಟ್ಟಲೆ ಅಲೆದಾಡಿಸಿದರು.

ಧಾರವಾಡದ ವಕೀಲೆ

ಮಂಜು, ನಿಮ್ಮ ಬೇಸರ ನ್ಯಾಯವಾದದ್ದು. ಆಯೋಗ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. 18ನೇ ಸೆಕ್ಷನ್‌ನಲ್ಲಿ ಅದು ಪರಿಹಾರ ಕೊಡಿ, ಕೇಸು ಹಾಕಿ ಅಂತ ಸರ್ಕಾರಕ್ಕೆ ಹೇಳುತ್ತದೆ. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಪರಿಹಾರಕ್ಕೂ ಹೇಳಬಹುದು. ಸರ್ಕಾರ ಒಂದು ತಿಂಗಳಲ್ಲಿ, ಅಥವಾ ಆಯೋಗ ಕೊಟ್ಟ ಹೆಚ್ಚಿನ ಅವಧಿಯಲ್ಲಿ, ಏನು ಕ್ರಮ ಕೈಗೊಂಡಿದ್ದೇವೆ ಅಂತ ತಿಳಿಸಬೇಕು. ವಿಚಾರಣಾ ವರದಿಯ ನಕಲು ದೂರುದಾರರಿಗೆ ಸಿಗಬೇಕು. ಮಾತು ಕೇಳದಿದ್ದರೆ ಆಯೋಗ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗಬಹುದು.

ಶಿಫಾರಸು ಅಂದರೆ ಸಲಹೆಯಾ, ಆದೇಶವಾ ಅನ್ನುವ ಬಗ್ಗೆ ಹೈಕೋರ್ಟುಗಳು ಬೇರೆ ಬೇರೆ ಮಾತಾಡಿವೆ. 2021ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೂರ್ಣಪೀಠ, ಈ ಶಿಫಾರಸನ್ನು ಸರ್ಕಾರ ಜಾರಿ ಮಾಡಲೇಬೇಕು, ಒಪ್ಪಿಗೆ ಇಲ್ಲದಿದ್ದರೆ ಕೋರ್ಟಿಗೆ ಹೋಗಿ ಪ್ರಶ್ನಿಸಬೇಕು ಅಂತ ಹೇಳಿತು. ಅದು ತಮಿಳುನಾಡಿನ ತೀರ್ಪು, ಇಲ್ಲಿ ತನ್ನಷ್ಟಕ್ಕೆ ಅನ್ವಯಿಸುವುದಿಲ್ಲ. ಆದರೆ ವಾದಕ್ಕೆ ಆಧಾರವಾಗಿ ಮುಂದಿಡಬಹುದು.

ಇಲ್ಲಿ ಒಂದು ವಿಷಯ ಗಮನಿಸಿ. ಶಿಫಾರಸನ್ನು ಕೋರ್ಟಿನಲ್ಲಿ ಪ್ರಶ್ನಿಸುವಾಗ ಅಧಿಕಾರಿಗಳು ಮೊದಲು ಹಿಡಿಯುವುದು 16ನೇ ಸೆಕ್ಷನ್. ನನಗೆ ಅವಕಾಶವೇ ಕೊಡಲಿಲ್ಲ, ದಾಖಲೆ ತೋರಿಸಲಿಲ್ಲ ಅನ್ನುತ್ತಾರೆ. ಅದು ನಿಜವಾಗಿದ್ದರೆ ವರ್ಷಗಳ ಕೆಲಸ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಹಾಗಾಗಿ ಎಎಸ್‌ಐ ಸರ್ ಹೇಳಿದ ಅವಕಾಶವನ್ನು ಎದುರು ಪಕ್ಷಕ್ಕೆ ಪೂರ್ತಿಯಾಗಿ ಕೊಡುವುದು ದೂರುದಾರರಿಗೇ ಒಳ್ಳೆಯದು.

ಹೊಸಬ

ನನ್ನದು ಚಿಕ್ಕ ಪ್ರಶ್ನೆ. ನಮ್ಮ ಜಮೀನಿನ ಬದು ವಿಚಾರಕ್ಕೆ ಪಕ್ಕದವರು ಎರಡು ವರ್ಷದಿಂದ ಕಾಟ ಕೊಡುತ್ತಿದ್ದಾರೆ. ಇಲ್ಲಿಗೆ ದೂರು ಕೊಡಬಹುದಾ?

ಹಳೇ ಶಿರಸ್ತೇದಾರ

ಬದುವಿನ ಜಗಳ ಇಲ್ಲಿಗೆ ಬರುವುದಿಲ್ಲಪ್ಪ, ಅದು ಸಿವಿಲ್ ಕೋರ್ಟು, ತಹಶೀಲ್ದಾರ್ ಕಚೇರಿ ಕೆಲಸ. ಆಯೋಗ ನೋಡುವುದು ಸರ್ಕಾರಿ ನೌಕರರು ಹಕ್ಕು ಉಲ್ಲಂಘಿಸಿದ್ದು, ಇಲ್ಲವೇ ಉಲ್ಲಂಘನೆ ತಡೆಯದೆ ಕಣ್ಣುಮುಚ್ಚಿ ಕೂತದ್ದು. ಇನ್ನು ಘಟನೆ ಆದ ಒಂದು ವರ್ಷದೊಳಗೆ ಬರಬೇಕು, 36ನೇ ಸೆಕ್ಷನ್. ಒಂದೇ ವಿಷಯಕ್ಕೆ ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಎರಡಕ್ಕೂ ಬರೆದರೆ ಗೊಂದಲ ಆಗುತ್ತದೆ, ಒಂದು ಕಡೆ ವಿಚಾರಣೆ ಶುರುವಾದ ಮೇಲೆ ಇನ್ನೊಂದು ಕಡೆ ತೆಗೆದುಕೊಳ್ಳುವುದಿಲ್ಲ.

ತುಂಗಾತೀರ

ಏಳು ವಾರ ಆಯಿತು. ನೀವೆಲ್ಲ ಏನಾಯಿತು ಅಂತ ಕೇಳುತ್ತಿದ್ದಿರಿ. ನಿನ್ನೆ ವಿಚಾರಣೆ ಇತ್ತು, ಈಗ ಮನೆಗೆ ಬಂದು ಬರೆಯುತ್ತಿದ್ದೇನೆ.

ಸಿಸಿಟಿವಿ ಅರ್ಜಿಯನ್ನು ವಕೀಲೆ ಮೇಡಂ ಬರೆದ ಮರುದಿನವೇ ಸ್ಪೀಡ್ ಪೋಸ್ಟ್ ಮಾಡಿದ್ದೆ. ಉತ್ತರ ಒಂಬತ್ತು ಪುಟ ಆಯಿತು. ಪ್ಯಾರಾಕ್ಕೆ ಪ್ಯಾರಾ ನಂಬರ್ ಹಾಕಿದೆ. ತಮ್ಮನ ಕೈಲಿ ಹೇಳಿಸುವಾಗ ಮೂರು ಸಲ ಎದ್ದು ಹೋದ. ನಾಲ್ಕನೇ ಸಲ ಕೂತು ಪೂರ್ತಿ ಹೇಳಿದ. ಹೊಡೆದವರು ಇಬ್ಬರು, ಒಬ್ಬರ ಹೆಸರು ಗೊತ್ತು, ಇನ್ನೊಬ್ಬರದು ಗೊತ್ತಿಲ್ಲ. ಉಳಿದವರ ಹೆಸರು ಬರೆಯಲಿಲ್ಲ. ಅವರಲ್ಲಿ ಒಬ್ಬರು ರಾತ್ರಿ ನೀರು ಕೊಟ್ಟಿದ್ದರಂತೆ, ಅದನ್ನೂ ಬರೆದೆ.

ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಬೆಂಗಳೂರು. ಅಮ್ಮನೂ ಬಂದಿದ್ದರು. ನಾನು ಕೋರ್ಟ್ ಥರ ಕಟಕಟೆ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ, ಮೇಜು ಕುರ್ಚಿ ಅಷ್ಟೇ. ಠಾಣೆಯ ಕಡೆಯಿಂದ ಇಬ್ಬರು ಬಂದಿದ್ದರು. ತಮ್ಮ ಅವರನ್ನು ನೋಡಿ ಬೆವರತೊಡಗಿದ. ನಾನು ಎದ್ದು ನಿಂತು, ಸ್ವಾಮಿ ಇವನು ಇವರ ಎದುರು ಮಾತಾಡಲು ಹೆದರುತ್ತಾನೆ ಅಂದೆ. ಅವರನ್ನು ಸ್ವಲ್ಪ ಹಿಂದಿನ ಸಾಲಿಗೆ ಕೂರಿಸಿದರು. ಹೊರಗೆ ಕಳಿಸಲಿಲ್ಲ, ಅವರೂ ಕೇಳಿಸಿಕೊಳ್ಳಬೇಕು ಅಂದರು. ಎಎಸ್‌ಐ ಸರ್, ಆಗ ನಿಮ್ಮ ಮಾತು ನೆನಪಾಯಿತು.

ತಮ್ಮ ಹೇಳಿದ್ದನ್ನು ಕನ್ನಡದಲ್ಲೇ ಬರೆದುಕೊಂಡು ಓದಿ ಹೇಳಿದರು. ಒಂದು ಕಡೆ ತಪ್ಪಾಗಿತ್ತು, ತಿದ್ದಿಸಿದೆವು. ಆಮೇಲೆ ಠಾಣೆಯವರ ಸರದಿ. ಅದೇ 11ರಿಂದ 5 ಅಂದರು. ಆಗ ಅಮ್ಮನನ್ನು ಕರೆದು ಕೇಳಿದರು, ಡಬ್ಬಿಯಲ್ಲಿ ಏನಿತ್ತಮ್ಮ ಅಂತ. ಅಮ್ಮ ಹೇಳಿದರು, ಮೊದಲ ದಿನ ಅಕ್ಕಿ ರೊಟ್ಟಿ, ಎರಡನೇ ದಿನ ಅನ್ನ ಸಾರು, ಎರಡನೇ ಡಬ್ಬಿ ಇನ್ನೂ ವಾಪಸ್ ಕೊಟ್ಟಿಲ್ಲ ಅಂತ. ಸಂಜೆ 5ಕ್ಕೆ ಕಳಿಸಿದ ಹುಡುಗನಿಗೆ ಮರುದಿನ ಸಂಜೆ ಊಟ ಯಾರಿಗೆ ತಂದರು ಅಂತ ಕೇಳಿದಾಗ ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಚಾರಿಸಿ ಹೇಳುತ್ತೇವೆ ಅಂದರು.

ಸಿಸಿಟಿವಿ ಬಗ್ಗೆ ಠಾಣೆಯವರು ಹೇಳಿದ್ದು, ರೆಕಾರ್ಡಿಂಗ್ ಮೂವತ್ತು ದಿನಕ್ಕೇ ಅಳಿಸಿಹೋಗುತ್ತದೆ ಅಂತ. ಯಾಕೆ ಹಾಗೆ, ಯಾರ ಜವಾಬ್ದಾರಿ ಅಂತ ಅಫಿಡವಿಟ್ ಸಲ್ಲಿಸಲು ಆಯೋಗದವರು ಹೇಳಿದ್ದಾರೆ. ದಿನಚರಿ, ರೋಸ್ಟರ್, ಸೆಂಟ್ರಿ ಪುಸ್ತಕ ಮೂಲ ಪ್ರತಿಗಳನ್ನೇ ತರಬೇಕು ಅಂದಿದ್ದಾರೆ. ಠಾಣೆಯವರು ಆಸ್ಪತ್ರೆ ದಾಖಲೆ ಓದಲು ಸಮಯ ಬೇಕು ಅಂದರು, ಆಯೋಗದವರು ಕೊಟ್ಟರು. ನನಗೆ ಮೊದಲು ಸಿಟ್ಟು ಬಂತು. ಮತ್ತೆ ಯೋಚಿಸಿದೆ, ನಾವೂ 15 ದಿನ ತೆಗೆದುಕೊಂಡಿದ್ದೆವಲ್ಲ.

ನಿವೃತ್ತ ಎಎಸ್‌ಐ, ಹಾಸನ ಕಡೆ

ಮೂಲ ಪುಸ್ತಕ ತರಲು ಹೇಳಿದ್ದು ಬಹಳ ಒಳ್ಳೆಯದಾಯಿತು ತಾಯಿ. ಅವತ್ತು ಪುಟದ ನಂಬರ್ ಸರಿಯಾಗಿದೆಯಾ ನೋಡಿಕೊಳ್ಳಿ. ನೀರು ಕೊಟ್ಟ ಆ ಹುಡುಗನನ್ನು ಸಾಕ್ಷಿಯಾಗಿ ಕರೆಸಿ ಅಂತ ಕೇಳಿ. ಅವನಾಗಿ ಬರುವುದಿಲ್ಲ, ಸಮನ್ಸ್ ಬಂದರೆ ಬರುತ್ತಾನೆ.

ತುಂಗಾತೀರ

ಕೇಳುತ್ತೇನೆ ಸರ್. ಮುಂದಿನ ತಾರೀಖು ಬರುವ ತಿಂಗಳು 18ಕ್ಕೆ. ತಮ್ಮ ಕೆಲಸ ಮಾಡುವ ಗ್ಯಾರೇಜಿನ ಮಾಲೀಕರು ಹಾಜರಿ ಪುಸ್ತಕದ ನಕಲು ಮಾತ್ರ ಕೊಟ್ಟಿದ್ದರು, ತಾವು ಬರುವುದಿಲ್ಲ ಅಂದಿದ್ದರು. ದಿನಾ ಠಾಣೆ ಮುಂದೆಯೇ ಓಡಾಡಬೇಕು ಅನ್ನುವುದು ಅವರ ಕಷ್ಟ. ಇವತ್ತು ಸಂಜೆ ಹೋಗಿ 15ನೇ ಸೆಕ್ಷನ್ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು, ಓದಿದೆ. ಪುಸ್ತಕ ತೆಗೆದುಕೊಂಡು ನಾನೇ ಬರುತ್ತೇನೆ, ಬಸ್ಸಿಗೆ ನಾಲ್ಕು ಸೀಟು ಮಾಡಿಸು ಅಂದಿದ್ದಾರೆ.